ಒತ್ತಿನೆಣೆ ಗುಡ್ಡ ಇನ್ನೆಷ್ಟು ಸಲ ರಸ್ತೆಗಿಳಿಯಬೇಕು?

ಮಾನ್ಯರೇ,

ಬೈಂದೂರು ಹತ್ತಿರ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಒತ್ತಿನೆಣೆ ಗುಡ್ಡದಿಂದ ಮತ್ತೆ ರಸ್ತೆಗೆ ಮಣ್ಣು ಜಾರಿದ್ದನ್ನು ನಿನ್ನೆಯ ಪತ್ರಿಕೆಯಲ್ಲಿ ‘ಕೆಲಕಾಲ ಸಂಚಾರಕ್ಕೆ ಅಡಚಣೆ’ ಎಂದು ಎರಡು ಸಾಲಿನಲ್ಲಿ ಮುಗಿಸಿದ್ದೀರಿ. ಆ ಕೆಲಕಾಲ ಎಂದರೆ ಎರಡೂವರೆ ಗಂಟೆ. ಅಷ್ಟು ಹೊತ್ತೂ ನಾನು 78 ವರ್ಷದ ಅಮ್ಮನ ಜತೆ ಶಿರೂರಿನಿಂದ ಹತ್ತಿದ ಬಸ್ಸಿನಲ್ಲೇ ಕೂತಿದ್ದೆ. ಕುಂದಾಪುರದ ಕಣ್ಣಿನ ಡಾಕ್ಟರು 11 ಗಂಟೆಗೆ ಬರಹೇಳಿದ್ದರು. ನಾವು ಮುಟ್ಟುವಾಗ ಒಂದೂವರೆ, ಇನ್ನು ಮುಂದಿನ ವಾರ ಬನ್ನಿ ಎಂದರು. ಬಸ್ಸಿನ ಪರದೆ ಎತ್ತಿದರೆ ಮಳೆ, ಇಳಿಸಿದರೆ ಸೆಕೆ. ಎದುರಿನ ಸೀಟಿನಲ್ಲಿ ಭಟ್ಕಳ ಮಲ್ಲಿಗೆಯ ಕಟ್ಟು ತಂದಿದ್ದ ಹೆಂಗಸು ಹೂ ಬಾಡುತ್ತದೆಂದು ಮತ್ತೆ ಮತ್ತೆ ನೀರು ಚಿಮುಕಿಸುತ್ತಿದ್ದರು. ಅವರ ಅಂದಿನ ದುಡಿಮೆಯನ್ನು ಯಾರು ತುಂಬಿಕೊಡುತ್ತಾರೆ? ಜೆಸಿಬಿ ಬರುವುದಕ್ಕೇ ಒಂದು ಗಂಟೆ. ಜಾರುತ್ತದೆಂದು ಊರಿಗೆಲ್ಲ ಗೊತ್ತಿರುವ ಜಾಗದಲ್ಲಿ ಮಳೆಗಾಲದಲ್ಲಾದರೂ ಒಂದು ಯಂತ್ರ ನಿಲ್ಲಿಸಿಡಲು ಆಗುವುದಿಲ್ಲವೇ?

2017ರ ಜೂನ್‌ನಲ್ಲಿ ಇದೇ ಗುಡ್ಡ ಕುಸಿದು ಹೆದ್ದಾರಿ ಬಂದಾದಾಗಲೇ ಬುದ್ಧಿ ಬರಬೇಕಿತ್ತು. ಬಾವಿ ತೋಡುವ ನಮ್ಮೂರ ಯಾರನ್ನು ಕೇಳಿದರೂ ಹೇಳುತ್ತಾರೆ: ಮೇಲೆ ತೂತು ತೂತಾದ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ), ಅದರಡಿ ಜೇಡಿಯಂಥ ಮೆತ್ತನೆಯ ಶೇಡಿಮಣ್ಣು. ಕಲ್ಲಿನ ತೂತುಗಳಲ್ಲಿ ಇಳಿದ ನೀರು ಶೇಡಿಯನ್ನು ಕಲಸಿದ ಹಿಟ್ಟಿನಂತೆ ಮಾಡುತ್ತದೆ. ಅಂಥ ಗುಡ್ಡದ ಬುಡವನ್ನು ರಸ್ತೆಗಾಗಿ ಗೋಡೆಯ ಹಾಗೆ ನೆಟ್ಟಗೆ ಕಡಿದರೆ ಮೇಲಿನದ್ದು ನಿಲ್ಲುವುದು ಯಾವುದರ ಮೇಲೆ? ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಸೀಮೆಯಿದು. ಹೊರಗಿನಿಂದ ಸಿಮೆಂಟು ಬಳಿದರೆ ಒಳಗಿನ ನೀರು ಎಲ್ಲಿಗೆ ಹೋಗಬೇಕು? 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಇದೇ 66ರ ಹೆದ್ದಾರಿಗೆ ಗುಡ್ಡ ಬಿದ್ದು ಜನ ಸತ್ತರು. ನಮ್ಮೂರ ಹೆಸರೂ ಶಿರೂರೇ ಆದ್ದರಿಂದ ಅವತ್ತು ಮುಂಬಯಿ, ದುಬೈಗಳಿಂದ ನಮಗೆಲ್ಲ ಫೋನಿನ ಮೇಲೆ ಫೋನು. ಅದು ನಮ್ಮೂರಲ್ಲ ಎಂದು ಹೇಳುವಾಗಲೂ ನನ್ನ ಎದೆಯಲ್ಲಿದ್ದದ್ದು ಒತ್ತಿನೆಣೆಯೇ.

ಈ ಗುಡ್ಡ ನಮಗೆ ಬರೀ ಮಣ್ಣಿನ ರಾಶಿಯಲ್ಲ. ತುದಿಯಲ್ಲಿ ನಿಂತರೆ ಕೆಳಗೆ ಸೋಮೇಶ್ವರದ ಕಡಲು, ಹೊಳೆ ಸಮುದ್ರ ಸೇರುವ ಅಳಿವೆ, ಮುಳುಗುವ ಸೂರ್ಯ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಓಡುತ್ತಿದ್ದೆವು. ಕರಿಕಲ್ಲಿನಂತೆ ಸುಟ್ಟಿರುತ್ತಿದ್ದ ಪಾದೆ (ಗುಡ್ಡದ ಮೇಲಿನ ಬೋಳು ಕಲ್ಲುಹಾಸು) ಮೊದಲ ಮಳೆಗೆ ಹಸಿರಾಗಿ, ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆಯುವಾಗ ಬೆರಳುದ್ದದ ಗಿಡಗಳಲ್ಲಿ ಸಣ್ಣ ಸಣ್ಣ ಹೂ. ಆ ಕಲ್ಲು ಕುಡಿದ ನೀರೇ ಕೆಳಗಿನ ಬಾವಿಗಳಿಗೆ ಬರುವುದು. ರಸ್ತೆ ಬೇಡ ಎಂದು ನಾನು ಹೇಳುತ್ತಿಲ್ಲ. ಕಡಿಯುವ ಮೊದಲು ಇದನ್ನೆಲ್ಲ ಯಾರಾದರೂ ನೋಡಿದ್ದರೇ ಎಂದು ಕೇಳುತ್ತಿದ್ದೇನೆ.

ಕೇಳಿದರೆ ಉತ್ತರ ಕೊಡುವವರಿಲ್ಲ. ಹೆದ್ದಾರಿಯವರು ಗುತ್ತಿಗೆದಾರರನ್ನು ತೋರಿಸುತ್ತಾರೆ, ಗುತ್ತಿಗೆದಾರರು ಮಳೆಯನ್ನು. ಚುನಾವಣೆ ಬಂದಾಗ ಮಾತ್ರ ರಾಜಕಾರಣಿಗಳಿಗೆ ನಮ್ಮ ಮನೆಯ ದಾರಿ ನೆನಪಾಗುತ್ತದೆ.

ಸಂಬಂಧಪಟ್ಟವರು ತಕ್ಷಣ ಗುಡ್ಡಕ್ಕೆ ಏನಾದರೂ ಭದ್ರತೆ ಮಾಡಬೇಕು, ಮೇಲಿನ ನೀರು ಹೋಗಲು ಚರಂಡಿಯಾದರೂ ತೋಡಬೇಕು. ಜತೆಗೆ ಪಾದೆಯನ್ನು ಇನ್ನು ಒಂದು ಗೇಣೂ ಮುಟ್ಟಬಾರದು. ಇದಾವುದೂ ಆಗದಿದ್ದರೆ ಅಧಿಕಾರಿಗಳೇ ಒಂದು ದಿನ ಆ ಬಸ್ಸಿನಲ್ಲಿ ಬಂದು ಎರಡೂವರೆ ಗಂಟೆ ಕೂರಲಿ, ಅವರ ಅಮ್ಮನನ್ನೂ ಕರೆದುಕೊಂಡು ಬರಲಿ.

– ನೊಂದ ಪ್ರಯಾಣಿಕ, ಶಿರೂರು, ಬೈಂದೂರು ತಾಲ್ಲೂಕು