ಅಳತೆಯ ವಿಜ್ಞಾನಕ್ಕೂ ಸಂಶೋಧಕರು ಬೇಕು

ಪಿಎಚ್‌.ಡಿ. ಮುಗಿಸಿದವರಿಗೆ ಮಾಪನ ವಿಜ್ಞಾನದಲ್ಲಿ ಮುಂದುವರಿಯಲು ನಮ್ಮಲ್ಲಿರುವ ಅವಕಾಶ ಸಾಲದು. 2019ರ ಮೇ 20ರಿಂದ ಕಿಲೋಗ್ರಾಂ ಎಂದರೆ ಪ್ಯಾರಿಸ್ ಬಳಿ ಗಾಜಿನ ಹೊದಿಕೆಯೊಳಗೆ ಕಾದಿಟ್ಟ ಲೋಹದ ತುಂಡಲ್ಲ. ಪ್ರಕೃತಿಯಲ್ಲಿ ಎಲ್ಲೆಡೆ ಒಂದೇ ಆಗಿರುವ ಪ್ಲಾಂಕ್ ಸ್ಥಿರಾಂಕವೆಂಬ ಮೌಲ್ಯದಿಂದ ನಿರ್ಧಾರವಾಗುವ ಪ್ರಮಾಣ. ಸಂತೆಯಲ್ಲಿ ಈರುಳ್ಳಿ ತೂಗುವ ಬಟ್ಟಿಗೂ ಕೊನೆಗೆ ಅದೇ ಆಧಾರ! 2023ರಲ್ಲಿ ಕೇಂದ್ರ ಸಂಪುಟ ಒಪ್ಪಿದ ₹6,003.65 ಕೋಟಿಯ ರಾಷ್ಟ್ರೀಯ ಕ್ವಾಂಟಮ್ (ಪರಮಾಣು ಮಟ್ಟದ ಭೌತವಿಜ್ಞಾನದ) ಮಿಷನ್‌ನಲ್ಲಿ ಪರಮಾಣು ಗಡಿಯಾರ, ಸೂಕ್ಷ್ಮ ಸಂವೇದಕಗಳ ಗುರಿಯಿದೆ. ಅವು ನಿಖರವಾಗಿ ಅಳೆಯುವಂತೆ ಕೂತು ತಿದ್ದುವವರು ಯಾರು? ಅಲ್ಪಾವಧಿಯ ಫೆಲೋಶಿಪ್, ತಡವಾಗಿ ಬರುವ ಶಿಷ್ಯವೇತನ ನೆಚ್ಚಿಕೊಂಡು ಮೂವತ್ತು ದಾಟಿದವರು ಸಂಸಾರ ತೂಗಿಸುವುದು ಕಷ್ಟ. ತೂಕ, ಅಳತೆಯ ಸಾಧನಗಳನ್ನು ಪರೀಕ್ಷಿಸುವ ಬೆಂಗಳೂರಿನ ಪ್ರಾದೇಶಿಕ ಮಾನಕ ಪ್ರಯೋಗಾಲಯ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಜೊತೆಗೂಡಿ ಕನಿಷ್ಠ ಮೂರು ವರ್ಷಗಳ ಪೋಸ್ಟ್‌ಡಾಕ್ಟರಲ್ ಹುದ್ದೆಗಳನ್ನು ತೆರೆಯಲಿ. ಶಿಷ್ಯವೇತನ ತಿಂಗಳ ಮೊದಲ ವಾರವೇ ಖಾತೆಗೆ ಜಮೆಯಾಗುವಂತೆ ಸರ್ಕಾರ ನೋಡಿಕೊಳ್ಳಲಿ.

– ನಿವೃತ್ತ ಭೌತಶಾಸ್ತ್ರ ಅಧ್ಯಾಪಕ, ತುಮಕೂರು