ಚೌಕಿಯ ದೀಪಕ್ಕೂ ಜಾಗವಿರಲಿ

ಮಾನ್ಯ ಸಂಪಾದಕರೆ,

ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಕಳೆದು ಕರಾವಳಿಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದುದ್ದಕ್ಕೂ ಈ ಕಲೆ ಬೆಂಗಳೂರಿನ ಸಭಾಂಗಣಗಳಿಗೆ ಬರುತ್ತದೆ, ಜನವೂ ಸೇರುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಇರುಳಿಡೀ ನಡೆಯುವ ಆಟವನ್ನು ಮೂರು ಗಂಟೆಗೆ ಇಳಿಸುವಾಗ ಮೊದಲು ಕತ್ತರಿ ಬೀಳುವುದು ಚೌಕಿಯಲ್ಲಿ, ಅಂದರೆ ಬಣ್ಣದ ಕೋಣೆಯಲ್ಲಿ, ದೀಪ ಹಚ್ಚಿ ಗಣಪತಿಗೆ ಸಲ್ಲಿಸುವ ಚೌಕಿಪೂಜೆ ಮತ್ತು ಕಥೆಗೆ ಮೊದಲು ಕುಣಿಯುವ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಪೂರ್ವರಂಗಕ್ಕೆ.

ಕಳೆದ ವರ್ಷ ನಗರದ ಸಭಾಂಗಣವೊಂದರಲ್ಲಿ ಬಣ್ಣದ ಕೋಣೆಯೊಳಗೆ ದೀಪ ಹಚ್ಚಕೂಡದೆಂದು ತಡೆದರು. ಕಲಾವಿದರು ಪ್ಲಾಸ್ಟಿಕ್ ಕುರ್ಚಿಯೊಂದರ ಮೇಲೆ ಕಿರೀಟವಿಟ್ಟು, ಟ್ಯೂಬ್‌ಲೈಟಿನ ಕೆಳಗೇ ಗಣಪತಿಯನ್ನು ಸ್ತುತಿಸಿದರು. ಹಿರಿಯ ವೇಷಧಾರಿಯೊಬ್ಬರು ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡು ಕಟ್ಟಿಕೊಳ್ಳುವುದನ್ನು ಬಾಗಿಲಲ್ಲಿ ನಿಂತು ನೋಡಿದ ನನಗೆ ಬಹಳ ನೋವಾಯಿತು.

ಊರಿನಲ್ಲಿ ಹರಕೆಯಾಟವೆಂದರೆ ದೇವರಿಗೆ ಒಪ್ಪಿಸುವ ಸೇವೆ. ನಡುರಾತ್ರಿ ಸಭೆ ಬರಿದಾದರೂ ಆಟ ನಿಲ್ಲುವುದಿಲ್ಲ, ಬೆಳಗಿನ ಮಂಗಳದವರೆಗೆ ಸಾಗುತ್ತದೆ. ದೇವಿ ಮಹಾತ್ಮೆ ಪ್ರಸಂಗದಲ್ಲಿ ದೊಂದಿಯ ಬೆಳಕಿನೊಡನೆ ಸಭೆಯ ನಡುವಿನಿಂದ ಅಬ್ಬರಿಸುತ್ತ ಬರುವ ಮಹಿಷಾಸುರನನ್ನು ಕಂಡವರಿಗೆ, ರಂಗಸ್ಥಳಕ್ಕೂ ಗುಡಿಗೂ ನಡುವೆ ಗೆರೆ ಎಳೆಯುವುದು ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ. 2010ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಕೇರಳದ ಆರಾಧನಾ ರಂಗಕಲೆ ಮುಡಿಯೇಟ್ಟಿನಲ್ಲಿಯೂ ಹೀಗೆಯೇ: ಬಣ್ಣದ ಪುಡಿಗಳಿಂದ ನೆಲದ ಮೇಲೆ ಬರೆದ ಭದ್ರಕಾಳಿಯ ಚಿತ್ರವಾದ ಕಳಂ ಅನ್ನು ಪೂಜಿಸಿ, ಅಳಿಸಿದ ಮೇಲೆಯೇ ಕಾಳಿ ಮತ್ತು ದಾರಿಕಾಸುರನ ಯುದ್ಧ. ಆ ಪೂಜೆಯನ್ನು ಬಿಟ್ಟು ಯುದ್ಧವನ್ನಷ್ಟೇ ಆಡಿದರೆ ಅದು ಮುಡಿಯೇಟ್ಟು ಆಗದು.

ಬೆಂಗಳೂರಿನಲ್ಲಿ ಇರುಳಿಡೀ ಆಟವಾಡಿಸಲು ಕಾನೂನೇ ಅಡ್ಡಿಯೆಂದು ಹೇಳುವುದುಂಟು. ಶಬ್ದಮಾಲಿನ್ಯ ನಿಯಂತ್ರಣದ 2000ರ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುತ್ತವೆ, ನಿಜ. ಆದರೆ ಸಭಾಂಗಣದಂತಹ ಮುಚ್ಚಿದ ಆವರಣದ ಒಳಗಿನ ಬಳಕೆಗೆ ಅವೇ ನಿಯಮಗಳಲ್ಲಿ ವಿನಾಯಿತಿಯೂ ಇದೆ. ಆದ್ದರಿಂದ ಸರ್ಕಾರಿ ರಂಗಮಂದಿರಗಳನ್ನು ವರ್ಷಕ್ಕೆ ಕೆಲವು ರಾತ್ರಿಗಳಾದರೂ ಬೆಳಗಿನವರೆಗೆ ಬಾಡಿಗೆಗೆ ಕೊಡಬೇಕು ಮತ್ತು ಅಗ್ನಿಸುರಕ್ಷತೆಯ ಏರ್ಪಾಡಿನೊಂದಿಗೆ ಬಣ್ಣದ ಕೋಣೆಯಲ್ಲಿ ಒಂದು ದೀಪಕ್ಕೆ ಅನುಮತಿ ನೀಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

ಸಂಘಟಕರಲ್ಲಿ ಇನ್ನೊಂದು ಮಾತು. ಅತಿಥಿಗಳ ಭಾಷಣಕ್ಕೆ ಸಿಗುವ ಅರ್ಧ ಗಂಟೆಯನ್ನು ಪೂರ್ವರಂಗಕ್ಕೆ ಕೊಡಿ. ಚೌಕಿಪೂಜೆ ಎಷ್ಟು ಗಂಟೆಗೆಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದರೆ, ನಾವು ಮಕ್ಕಳನ್ನು ಕರೆದುಕೊಂಡು ಆ ಹೊತ್ತಿಗೇ ಬರುತ್ತೇವೆ.

ಇಂತಿ,
ಒಬ್ಬ ಯಕ್ಷಗಾನ ಪ್ರೇಕ್ಷಕ,
ಬಸವನಗುಡಿ, ಬೆಂಗಳೂರು