ಮುಂದೆ ನಿಂತವನ ಆರ್ಡರ್

ಚಿ. ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಸಣ್ಣ ಹೌಸ್‌ಕೀಪಿಂಗ್ ಕಾಂಟ್ರಾಕ್ಟರುಗಳೆಲ್ಲ ಸೇರಿ ಸಂಘ ಕಟ್ಟುತ್ತಿದ್ದೀರಿ, ನಿನ್ನನ್ನೇ ಕಾರ್ಯದರ್ಶಿ ಆಗು ಅನ್ನುತ್ತಿದ್ದಾರೆ ಅಂತ ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೀಯಲ್ಲ, ‘ಮುಂದೆ ನಿಂತರೆ ನನ್ನ ಆರ್ಡರೇ ಮೊದಲು ಹೋಗುತ್ತೇನೋ ದೊಡ್ಡಪ್ಪ’ ಅಂತ. ಅದು ನನ್ನ ನಿದ್ದೆ ಕೆಡಿಸಿತು. ಹಾಗೇನೂ ಆಗಲ್ಲ, ಧೈರ್ಯವಾಗಿರು ಅಂತ ಬರೆಯೋಕೆ ಕೂತೆ. ಪೆನ್ನು ಓಡಲಿಲ್ಲ.

ಯಾಕೆಂದರೆ ಆಗಿದ್ದನ್ನು ನೋಡಿದ್ದೇನೆ. ದಾವಣಗೆರೆಯಲ್ಲಿ ನಾವೂ ಒಂದಷ್ಟು ಜನ ಸೇರುತ್ತಿದ್ದೆವು, ಮಂಡಕ್ಕಿ ಮಿರ್ಚಿ ತಿನ್ನುತ್ತಾ. ಆಫೀಸು, ಆಸ್ಪತ್ರೆ ಗುಡಿಸಿ ಒರೆಸುವ ಗುತ್ತಿಗೆ ನಮ್ಮದು. ಬಿಲ್ಲು ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಎಲ್ಲರೂ ಸಹಿ ಹಾಕಿ ಒಂದು ಮನವಿ ಬರೆದೆವು. ನಮ್ಮಲ್ಲಿ ಮಾತು ಬಲ್ಲವನೊಬ್ಬ ಇದ್ದ, ಅವನೇ ತಗೊಂಡು ಹೋಗಿ ಸಾಹೇಬರ ಕೈಗೆ ಕೊಟ್ಟ. ಸ್ವಲ್ಪ ದಿನಕ್ಕೆ ಅವನ ಕೆಲಸಕ್ಕೆ ಇನ್‌ಸ್ಪೆಕ್ಷನ್ ಬಂತು. ಸಾಹೇಬರು ಸ್ಟೂಲು ತರಿಸಿ, ಜವಾನನನ್ನು ಹತ್ತಿಸಿ, ಫ್ಯಾನಿನ ರೆಕ್ಕೆಯ ಮೇಲ್ಗಡೆ ಬಿಳಿ ಕರ್ಚೀಫಿನಲ್ಲಿ ಒರೆಸಿಸಿದರು. ಕಪ್ಪಾಯಿತು. ಆಗದೆ ಇನ್ನೇನು? ಆ ಕರ್ಚೀಫನ್ನೇ ಕವರಿಗೆ ಹಾಕಿ ಫೈಲಿಗೆ ಪಿನ್ ಮಾಡಿದರು. ‘ಕೆಲಸ ತೃಪ್ತಿಕರವಾಗಿಲ್ಲ.’ ಆರ್ಡರ್ ರಿನ್ಯೂ ಆಗಲಿಲ್ಲ.

ಮುಂದಿನ ಟೆಂಡರ್ ಹಿಡಿದವನು ಯಾರು ಗೊತ್ತಾ? ಅದೇ ಮನವಿಗೆ ಸಹಿ ಹಾಕಿದ್ದ ನಮ್ಮವನೇ ಒಬ್ಬ. ಅವನನ್ನು ಬೈಯೋಕೂ ಆಗಲಿಲ್ಲ, ಅವನ ಮನೆಯಲ್ಲೂ ಒಲೆ ಉರಿಯಬೇಕಿತ್ತು. ಆಮೇಲೆ ಸಂಘ ಅನ್ನುವ ಮಾತೇ ನಿಂತುಹೋಯಿತು. ಆರ್ಡರ್ ಕಳಕೊಂಡವನು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಮೊದಲಿನ ಹಾಗೇ ನಗುತ್ತಿದ್ದ. ಬೈದಿದ್ದರೆ ನಮಗೆಲ್ಲ ಸ್ವಲ್ಪ ಹಗುರ ಆಗುತ್ತಿತ್ತು.

ಈಗ ಕಾನೂನು ಇದೆ ಅನ್ನುತ್ತೀಯ. ಇದೆ, ಇಲ್ಲ ಅನ್ನಲ್ಲ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸಿದ ಸಣ್ಣವರಿಗೆ, ಒಪ್ಪಂದದಲ್ಲಿ ಏನೇ ಬರೆದಿರಲಿ, 45 ದಿನ ಮೀರಿ ಹಣ ಉಳಿಸಿಕೊಳ್ಳುವ ಹಾಗಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2006ರ ಸಣ್ಣ ಉದ್ಯಮಗಳ ಕಾಯ್ದೆಯಲ್ಲೇ ಇದೆ. ಆದರೆ ಅರ್ಜಿ ಹಾಕುವಾಗ ಬಾಕಿ ಬರಬೇಕಾದವನೇ ತನ್ನ ಹೆಸರು ಬರೆಯಬೇಕು, ಅಲ್ವಾ? ತಿರುಗಿ ನಿನ್ನ ಆ ಸಾಲಿಗೇ ಬಂದು ನಿಂತೆವು.

ಎಲ್ಲರೂ ಒಂದೇ ರೇಟು, ಅದಕ್ಕಿಂತ ಕೆಳಗೆ ಯಾರೂ ಹಾಕಬಾರದು ಅಂತ ನಿರ್ಣಯ ಮಾಡುತ್ತೀವಿ ಅಂದಿದ್ದೀಯ. ಬೇಡಪ್ಪ. 2002ರ ಸ್ಪರ್ಧಾ ಕಾಯ್ದೆಯಲ್ಲಿ ಅದು ಸ್ಪರ್ಧೆ ಕೆಡಿಸುವ ಒಳಒಪ್ಪಂದ ಅನ್ನಿಸಿಕೊಳ್ಳುತ್ತೆ, ಕಾನೂನಿಗೆ ವಿರುದ್ಧ. ನಿಮ್ಮ ಮೇಲೆ ದೂರು ಕೊಡೋಕೆ ದೊಡ್ಡ ಕಂಪನಿಯವರಿಗೆ ಅಷ್ಟು ಸಿಕ್ಕರೆ ಸಾಕು. ಒಬ್ಬ ಸದಸ್ಯ ಕಳಕೊಂಡ ಕೆಲಸಕ್ಕೆ ಇನ್ನೊಬ್ಬ ಟೆಂಡರ್ ಹಾಕಬಾರದು ಅಂತ ಬರೆದರೆ ಅದೂ ಅಷ್ಟೇ. ನೋಡು, ನಮ್ಮ ಗೆಳೆಯನನ್ನು ಉಳಿಸಬಹುದಾಗಿದ್ದ ಮಾತು ಅದೊಂದೇ, ಅದನ್ನೇ ಬರೆದಿಡುವ ಹಾಗಿಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮಗಾ.

ರೇಟು ಬಿಟ್ಟು ಕೇಳುವುದು ಬೇಕಾದಷ್ಟಿದೆ. ಪ್ರತಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಏರುತ್ತೆ, ಕ್ಲೈಂಟು ಮಾತ್ರ ಹಳೇ ಬಿಲ್ಲಿಗೇ ಅಂಟಿಕೊಂಡಿರುತ್ತಾನೆ. ಪಿಎಫ್, ಇಎಸ್ಐ 15ನೇ ತಾರೀಕಿಗೆ ಕಟ್ಟಬೇಕು. 18 ಪರ್ಸೆಂಟ್ ಜಿಎಸ್‌ಟಿಯನ್ನು ಬಿಲ್ಲಿನ ದುಡ್ಡು ಬಂದಿರಲಿ ಬಿಡಲಿ ಕಟ್ಟಲೇಬೇಕು. ಈ ಕೊರತೆ ಕೊನೆಗೆ ಬೀಳುವುದು ಮಾಪ್ ಹಿಡಿದ ಹೆಂಗಸಿನ ಸಂಬಳದ ಮೇಲೆ. ನಿನಗೂ ಗೊತ್ತು, ನನಗೂ ಗೊತ್ತು. ಸಂಘ ಮೊದಲು ಅದನ್ನು ಕೇಳಲಿ. ಪತ್ರ ಸಂಘದ ಲೆಟರ್‌ಹೆಡ್ಡಿನಲ್ಲೇ ಹೋಗಲಿ, ಯಾವ ಆಫೀಸು, ಯಾರ ಬಿಲ್ಲು ಅಂತ ಬೇಡ. ಕೊಡೋಕೆ ಒಬ್ಬನೇ ಹೋಗಬೇಡ. ಇಷ್ಟು ಸಣ್ಣ ವಿಷಯ ಬರೆಯೋಕೂ ನಾಚಿಕೆ ಆಗುತ್ತೆ, ಆದರೂ ಬರೆದೆ.

ಲೆಟರ್‌ಹೆಡ್ ಇದ್ದರೆ ಭಯ ಹೋಗುತ್ತೆ ಅಂತಲ್ಲ. ರಾಜ್ಯ ಗುತ್ತಿಗೆದಾರರ ಸಂಘದವರು ಕಮಿಷನ್ ಕಾಟದ ಬಗ್ಗೆ 2021ರಲ್ಲಿ ಪ್ರಧಾನಿಗೇ ಪತ್ರ ಬರೆದರು. ಮುಂದಿನ ವರ್ಷ ಮಾನನಷ್ಟ ಕೇಸಿನಲ್ಲಿ ಅಧ್ಯಕ್ಷರು ಅರೆಸ್ಟ್ ಆದರು, ಜೊತೆಗೆ ಸಂಘದ ಬೇರೆಯವರೂ. ಬೇಲ್ ಸಿಕ್ಕಿತು ಬಿಡು. ಅವತ್ತು ಪೇಪರಿನಲ್ಲಿ ನಾನು ಹುಡುಕಿದ್ದು ಒಂದೇ, ಅಧ್ಯಕ್ಷರು ಒಬ್ಬರೇ ಇದ್ದರಾ ಅಂತ.

ಸಂಘದ ನೋಂದಣಿಗೆ ನಮ್ಮ ರಾಜ್ಯದ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸಾಕು. ಏಳಕ್ಕೇ ನಿಲ್ಲಿಸಬೇಡಿ. ಇನ್ನೊಂದು ಹೇಳಲಾ? ಈಗ ಗುತ್ತಿಗೆ ನಡೆಸುತ್ತಿರುವವರು ಮಾತ್ರ ಸದಸ್ಯರು ಅಂತ ಬೈಲಾದಲ್ಲಿ ಹಾಕಿಬಿಡಬೇಡಿ. ಬಿಟ್ಟು ಮನೆಯಲ್ಲಿ ಕೂತವರಿಗೂ ಜಾಗ ಇರಲಿ. ಕಳಕೊಳ್ಳೋಕೆ ಆರ್ಡರೇ ಇಲ್ಲದವನು ಅಧ್ಯಕ್ಷನಾದರೆ ಅವನ ಫ್ಯಾನು ಯಾರು ಒರೆಸಿ ನೋಡುತ್ತಾರೆ? ನನ್ನ ಬಗ್ಗೆ ಹೇಳಿಕೊಳ್ಳುತ್ತಿಲ್ಲ. ಮಂಡಿ ನೋವು, ನಿನ್ನ ದೊಡ್ಡಮ್ಮ ಬೇರೆ ಬೆಂಗಳೂರು ಅಂದರೆ ಹೌಹಾರುತ್ತಾಳೆ. ಆದರೂ ಸಹಿ ಹಾಕೋ ಮೊದಲು ಬೈಲಾ ಕರಡು ನನಗೊಂದು ಕಳಿಸು. ಅಕ್ಷರ ಸ್ವಲ್ಪ ದೊಡ್ಡದಿರಲಿ.

ಇಂತಿ,
ನಿನ್ನ ದೊಡ್ಡಪ್ಪ